ನೀರು ಬರುವುದರೊಳಗೆ ಒಂದು ಚಿತ್ರ

ಶ್ರೀ ಹೊಳೆಮಾರಮ್ಮ ಪ್ರಸನ್ನ

ಬೀಚನಹಳ್ಳಿ ಪೋಸ್ಟ್, ಎಚ್.ಡಿ. ಕೋಟೆ ತಾಲ್ಲೂಕು
22-4-2024

ಶಾಂತಲಾ ಮೇಡಂ ಅವರಿಗೆ ರುಕ್ಮಿಣಮ್ಮನ ನಮಸ್ಕಾರ.

ನೀವು ಕಳಿಸಿದ ಮೆಸೇಜು ನನ್ನ ಫೋನಿನಲ್ಲಿ ಬರೀ ಚೌಕ ಚೌಕವಾಗಿ ಬಂತು. ನನ್ನದು ಬಟನ್ ಫೋನು, ಅದಕ್ಕೆ ಕನ್ನಡ ಬರುವುದಿಲ್ಲ. ನಾನೇ ಫೋನ್ ಮಾಡಿದರೆ ನೀವು ಎತ್ತಿ, ಉಸ್ಸೆಂದು ಗಾಳಿ ಬಿಟ್ಟ ಹಾಗೆ ಮಾಡಿ ಇಟ್ಟುಬಿಟ್ಟಿರಿ. ಮತ್ತೆ ಮಾಡಿದೆ, ಮತ್ತೆ ಹಾಗೇ. ನಮ್ಮ ಯಜಮಾನರು ಮಹದೇವಪ್ಪನವರು, “ಅಷ್ಟು ದೊಡ್ಡ ಡ್ರಾಯಿಂಗ್ ಮೇಡಂ, ನಿನ್ ಕುಟ್ಟೆ ಏನ್ ಮಾತಾಡಾರು, ಸುಮ್ಕಿರು” ಅಂದರು. ಕೊನೆಗೆ ನೀವು ಕಂಡಕ್ಟರ್ ಸುರೇಶನ ಫೋನಿಗೆ ಕಳಿಸಿದ್ದನ್ನು ಅವನು ಓದಿ ಹೇಳಿದ. ಬಸ್ಸಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ ಓದಿದ. ಅದಕ್ಕೇ ಇನ್ನು ಮುಂದೆ ಕಾಗದದಲ್ಲೇ ಮಾತಾಡೋಣ. ಸುರೇಶನ ಕೈಲಿ ಕೊಟ್ಟರೆ ಕೆ.ಆರ್. ನಗರಕ್ಕೆ ತಂದುಕೊಡುತ್ತಾನೆ. ಕವರಿಗೆ ಗಟ್ಟಿಯಾಗಿ ಅಂಟು ಹಾಕಿ.

ಹೋದ ವರ್ಷ ನಿಮ್ಮ ಶಾಲೆಯ ಮಕ್ಕಳನ್ನು ಹಿನ್ನೀರಿಗೆ ಕರೆತಂದು ಚಿತ್ರ ಬರೆಸಿ, ನಮ್ಮ ಮನೆಯಲ್ಲಿ ಮುದ್ದೆ ಬಸ್ಸಾರು ಉಂಡು ಹೋದವರು ನೀವು. ಈ ಸಲ ದೊಡ್ಡವರನ್ನೇ ಕರೆತಂದು, ಬಯಲಲ್ಲಿ ಸ್ಟ್ಯಾಂಡು ನಿಲ್ಲಿಸಿ, ಎಣ್ಣೆ ಬಣ್ಣದಲ್ಲಿ ಬರೆಯಲು ಕಲಿಸುತ್ತೀರಂತೆ. ಮೇ 24ರಿಂದ ಮೂರು ದಿನ ಉಳಿಯಲು ನಮ್ಮ ಮನೆ ಕೇಳಿದ್ದೀರಿ. ಧಾರಾಳವಾಗಿ ಬನ್ನಿ. ಜಗಲಿ ಇದೆ, ನಡುಮನೆ ಇದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಈಗ ಖಾಲಿ ಬಿದ್ದಿದೆ, ಸಾಮಾನು ಇಡಬಹುದು. ಅಡಿಗೆ ನಾನು ಮಾಡುತ್ತೇನೆ. ಶುಕ್ರವಾರ ಅಮ್ಮನ ವಾರ, ಅವತ್ತು ಮಾತ್ರ ಮಾಂಸ ಮೊಟ್ಟೆ ಕೇಳಬೇಡಿ.

ಬಾಡಿಗೆ ಮಾತು ಎತ್ತಬೇಡಿ. ನನಗೆ ಬೇಕಾದ್ದು ಒಂದೇ, ಹಳೇ ಊರಿನ ಹೊಳೆಮಾರಮ್ಮನ ಚಿತ್ರ. ಅಣೆಕಟ್ಟು ಕಟ್ಟಿದಾಗ ಊರು ಮುಳುಗಿ ನಮ್ಮವರು ಇಲ್ಲಿಗೆ ಬಂದರು. ಅಮ್ಮನ ಕಲ್ಲನ್ನು ಎತ್ತಲು ನೋಡಿದರಂತೆ, ಅಲುಗಲಿಲ್ಲ. ಒಂದು ಹಿಡಿ ಮಣ್ಣು ತಂದು ಇಲ್ಲಿ ಹೊಸ ಗುಡಿ ಮಾಡಿದರು. ಬೇಸಿಗೆಯಲ್ಲಿ ನೀರು ಇಳಿದರೆ ಹಳೇ ಗುಡಿ ಮೇಲೆ ಕಾಣುತ್ತದೆ, ಮಳೆ ಹಿಡಿದರೆ ಮತ್ತೆ ಒಳಗೆ ಹೋಗುತ್ತದೆ. ನನ್ನ ಅವ್ವ ಚಿಕ್ಕಸಿದ್ದಮ್ಮ ಆ ಊರಿಗೆ ಸೊಸೆಯಾಗಿ ಬಂದವಳು. ಈಗ ನನ್ನ ಜೊತೆ ಇದ್ದಾಳೆ. ವರ್ಷ ವರ್ಷವೂ ಕೆಸರಲ್ಲಿ ನಡೆದುಹೋಗಿ ಅಮ್ಮನಿಗೆ ದೀಪ ಹಚ್ಚಿ ಬರುತ್ತಿದ್ದಳು. ಈ ವರ್ಷ ಅವಳಿಗೆ ಆಗುವುದಿಲ್ಲ. ಮಂಚದಿಂದ ಕಾಣುವ ಹಾಗೆ ದೊಡ್ಡದಾಗಿ ಬರೆದುಕೊಡಿ. ಗುಡಿಗೆ ಈಗ ಸೂರಿಲ್ಲ, ನೀವೇ ಒಂದು ಸೂರು ಹಾಕಿ. ಮುಂದೆ ಒಂದು ದೀಪ ಇಡಿ. ಬರೆಯುವವರಿಗೆ ಅದೇನು ಕಷ್ಟವಲ್ಲ.

ರುಕ್ಮಿಣಮ್ಮ

ಕೆ.ಆರ್. ನಗರ
26-4-2024

ರುಕ್ಮಿಣಮ್ಮನವರಿಗೆ ವಂದನೆಗಳು.

ಮನೆ ಕೊಡಲು ಒಪ್ಪಿದ್ದಕ್ಕೆ ಕೃತಜ್ಞಳು. ಫೋನಿನಲ್ಲಿ ಮಾತಾಡದಿದ್ದಕ್ಕೆ ತಪ್ಪು ತಿಳಿಯಬೇಡಿ. ಗಂಟಲು ಸರಿಯಿಲ್ಲ, ಸ್ವಲ್ಪ ದಿನ ಮಾತಾಡಬಾರದು ಎಂದಿದ್ದಾರೆ. ದೊಡ್ಡದೇನಲ್ಲ.

ನಿಮ್ಮಿಂದ ಒಂದು ಸಹಾಯ ಬೇಕು. ಬರುವವರು ಹದಿನೈದು ಜನ. ಹದಿನೈದು ಚೌಕಟ್ಟಿಗೆ ಕ್ಯಾನ್ವಾಸ್ ಬಟ್ಟೆ ಬಿಗಿಸಿದ್ದೇನೆ. ಅವಕ್ಕೆ ಬಿಳಿ ಪ್ರೈಮರ್ ಬಳಿಯಬೇಕು. ಬಳಿಯದೆ ಎಣ್ಣೆ ಬಣ್ಣ ಹಾಕಿದರೆ ಬಟ್ಟೆ ಎಣ್ಣೆಯನ್ನೆಲ್ಲ ಕುಡಿದು ಕೊಳೆಯುತ್ತದೆ. ಅದರ ವಾಸನೆ, ಬಣ್ಣ ತೆಳು ಮಾಡುವ ಟರ್ಪೆಂಟೈನ್ ವಾಸನೆ ಈಗ ನನಗೆ ಆಗುವುದಿಲ್ಲ. ನನ್ನದು ಮೂರನೇ ಮಹಡಿಯ ಚಿಕ್ಕ ಮನೆ. ಚೌಕಟ್ಟು, ಡಬ್ಬ, ಅಗಲ ಬ್ರಷ್ ಬಸ್ಸಿನಲ್ಲಿ ಕಳಿಸುತ್ತೇನೆ. ತೆಳ್ಳಗೆ ಒಂದು ಸಲ ಬಳಿಯಿರಿ. ಪೂರ್ತಿ ಒಣಗಿದ ಮೇಲೆ ಇನ್ನೊಂದು ಸಲ. ಇದೂ ಎಣ್ಣೆಯದೇ ಪ್ರೈಮರ್, ನಿಧಾನವಾಗಿ ಒಣಗುತ್ತದೆ, ಅವಸರ ಕೂಡದು. ನೆರಳಿನಲ್ಲಿ, ಗಾಳಿಯಲ್ಲಿ ಒಣಗಲಿ. ಬಿಸಿಲಿಗೆ ಇಡಲೇಬೇಡಿ.

ನಿಮ್ಮ ಗುಡಿಯ ಚಿತ್ರವನ್ನು ನಾನೇ ಬರೆಯುತ್ತೇನೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬಯಲಿನಲ್ಲಿ ನಿಂತು ಬರೆಯುವಾಗ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯುತ್ತೇವೆ. ಇಲ್ಲದ ಸೂರು, ಇಲ್ಲದ ದೀಪ ನನ್ನ ಕೈಯಲ್ಲಿ ಬರುವುದಿಲ್ಲ.

ಶಾಂತಲಾ

ಶ್ರೀ ಹೊಳೆಮಾರಮ್ಮ ಪ್ರಸನ್ನ

5-5-2024

ಶಾಂತಲಾ ಮೇಡಂ ಅವರಿಗೆ,

ಚೌಕಟ್ಟು ಬಂದವು. ನೆಟ್ಟಗೆ ಬರಲಿಲ್ಲ ಅನ್ನಿ. ಹುಣಸೂರಿನಲ್ಲಿ ಸುರೇಶನ ಬಸ್ಸು ಕೆಟ್ಟು, ಅವನು ಇನ್ನೊಂದು ಬಸ್ಸಿಗೆ ಹಾಕಿ, ಆ ಬಸ್ಸಿನವರು ಕೋಟೆ ಸ್ಟ್ಯಾಂಡಿನಲ್ಲಿ ಮೂಟೆಗಳ ಮಧ್ಯೆ ಇಳಿಸಿ ಹೋಗಿ, ಯಜಮಾನರು ಆಟೋದಲ್ಲಿ ತರಬೇಕಾಯಿತು. ಊರವರೆಲ್ಲ ನಿಂತು ನೋಡಿದರು. “ಏನ್ ರುಕ್ಮಿಣಕ್ಕ, ಬ್ಯಾರನ್ನಿಗೆ ಬಟ್ಟೆ ಕಿಟ್ಕಿ ಇಡುಸ್ತೀಯಾ?” ಅಂತ ಒಬ್ಬ. ನಗಲಿ ಅಂತ ಒಂದೊಂದಾಗಿ ಒಳಗೆ ಸಾಗಿಸಿದೆ.

ನಿಮ್ಮ ಡಬ್ಬದ ತಳದಲ್ಲಿ ಸುಣ್ಣದ ಹಾಗೆ ಗಟ್ಟಿ ಕೂತಿತ್ತು. ಮುದ್ದೆ ಕೋಲಿನಲ್ಲಿ ತಿರುವಿದೆ. ಆ ಕೋಲು ಇನ್ನು ಅಡಿಗೆ ಮನೆಗೆ ಬರುವ ಹಾಗಿಲ್ಲ. ವಾಸನೆಗೆ ಅವ್ವ ಕೆಮ್ಮಿದಳು ಅಂತ ಎಲ್ಲವನ್ನೂ ಜಗಲಿಗೆ ಹಾಕಿದೆ. ಒಂದು ಸಲ ಬಳಿದಾಗಿದೆ. ಒಂದರ ಮೇಲೆ ಕೋಳಿ ನಡೆದುಹೋಯಿತು. ಒರೆಸಿದೆ, ಹೆಜ್ಜೆ ಹೋಗಲಿಲ್ಲ. ಅದನ್ನು ಯಾರಾದರೂ ಹೊಸಬರಿಗೆ ಕೊಡಿ.

ನೀವು ಹೇಳಿದಷ್ಟು ಸುಲಭದ ಕೆಲಸ ಇದಲ್ಲ ಮೇಡಂ. ಈಗ ಹೊಗೆಸೊಪ್ಪಿನ ಸಸಿ ನಾಟಿಗೆ ಹೊಲ ಸಿದ್ಧ ಮಾಡುವ ಹೊತ್ತು. ಬೆಳಿಗ್ಗೆ ಪೂಜೆ ಮುಗಿಸಿ ಹೊಲಕ್ಕೆ ಹೋದರೆ ಬರುವಷ್ಟರಲ್ಲಿ ಸಂಜೆ. ಆದರೂ ಒಪ್ಪಿದ್ದೇನೆ, ಮಾಡುತ್ತೇನೆ.

ಆದರೆ ಚಿತ್ರದ ವಿಷಯದಲ್ಲಿ ನೀವು ಬರೆದದ್ದು ನನಗೆ ಹಿಡಿಸಲಿಲ್ಲ. ಕಂಡದ್ದು ಮಾತ್ರ ಬೇಕಿದ್ದರೆ ಫೋಟೋ ಸಾಲದೇ? ಹೋದ ತಿಂಗಳು ಯಜಮಾನರು ಗುಡಿಯ ಫೋಟೋ ತೆಗೆಸಿ, ಕೋಟೆಯ ಸ್ಟುಡಿಯೋದಲ್ಲಿ ದೊಡ್ಡದು ಮಾಡಿಸಿ ತಂದರು. ಅವ್ವ ಹಿಡಿದು ನೋಡಿ, “ಇದ್ಯಾರ ಮನೆ ಹಾಳುಗ್ವಾಡೆ?” ಅಂದಳು.

“ಅಮ್ಮ ಕಣವ್ವಾ, ನಮ್ಮ ಹೊಳೆಮಾರಮ್ಮ.”

“ಬುಡು ಬುಡು. ಒಣಕಲ್ಲು ಇದು. ಪೂಜೆ ಇಲ್ಲ, ಪುನಸ್ಕಾರ ಇಲ್ಲ. ನಮ್ಮಮ್ಮ ಇಂಗಿರ್ತಾಳಾ?”

ಆಮೇಲೆ ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ಅದಕ್ಕೇ ನಾನು ನಿಮ್ಮನ್ನು ಕೇಳಿದ್ದು. ಒಂದು ದೀಪ ಬರೆದರೆ ನಿಮ್ಮ ಕೈ ಸವೆಯುತ್ತದೆಯೇ?

ಇನ್ನೊಂದು. ನೀವು ಕಳಿಸಿದ ಬ್ರಷ್ಷಿನ ಕೂದಲು ಬಹಳ ಬಿರುಸಾಗಿದೆ. ಯಾವ ಪ್ರಾಣಿಯದು ಅಂತ ಅವ್ವ ಕೇಳುತ್ತಿದ್ದಾಳೆ. ಅಮ್ಮನ ಚಿತ್ರಕ್ಕೆ ಮುಟ್ಟಿಸುವುದು, ತಿಳಿದಿರಬೇಕು.

ಗಂಟಲಿಗೆ ಹಾಲಿಗೆ ಅರಿಶಿನ, ಮೆಣಸು ಹಾಕಿ ಕುಡಿಯಿರಿ. ಇಷ್ಟು ದಿನ ಎಳೆಯುವ ಕಾಯಿಲೆ ಅಲ್ಲ ಅದು.

ರುಕ್ಮಿಣಮ್ಮ

ಕೆ.ಆರ್. ನಗರ
9-5-2024

ರುಕ್ಮಿಣಮ್ಮನವರಿಗೆ,

ಮೊದಲ ಸಲ ಬಳಿದದ್ದು ಉಗುರಿಗೆ ಅಂಟದಷ್ಟು ಒಣಗದೆ ಎರಡನೆಯದನ್ನು ಬಳಿಯಬೇಡಿ. ನೆರಳು. ಗಾಳಿ. ಬಿಸಿಲು ಬೇಡ. ಬಟ್ಟೆ ಬೆಳ್ಳಗೆ, ಚೌಕಟ್ಟು ನೆಟ್ಟಗೆ ಇರಬೇಕು. ಇದು ಕೆಟ್ಟರೆ ನನ್ನ ಹತ್ತಿರ ಬೇರೆ ಇಲ್ಲ.

ದೀಪದ ವಿಷಯ ಮತ್ತೆ ಬರೆದಿದ್ದೀರಿ. ಬಂದವರಿಗೆ ನಾನು ಮೊದಲು ಕಲಿಸುವ ಪಾಠವೇ ಅದು: ತಲೆಯಲ್ಲಿ ಇರುವುದನ್ನು ಬಿಡಿ, ಎದುರಿಗಿರುವುದನ್ನು ನೋಡಿ. ಅವರಿಗೆ ಹಾಗೆ ಹೇಳಿ, ಪಕ್ಕದಲ್ಲೇ ನಿಂತು ನಾನು ಇಲ್ಲದ ದೀಪ ಬರೆದರೆ ಏನು ಬೆಲೆ? ಮನೆಯಲ್ಲಿ ಕೂತು ಮನಸ್ಸಿಗೆ ಬಂದದ್ದು ಬರೆಯುವುದಾದರೆ ಅಷ್ಟು ದೂರ ಬರುವುದಾದರೂ ಯಾಕೆ? ಇದರಲ್ಲಿ ನನ್ನನ್ನು ಒತ್ತಾಯಿಸಬೇಡಿ.

ಬ್ರಷ್ಷಿನ ಬಗ್ಗೆ ಬಂದಾಗ ಮಾತಾಡೋಣ.

ಶಾಂತಲಾ

ಶ್ರೀ ಹೊಳೆಮಾರಮ್ಮ ಪ್ರಸನ್ನ

16-5-2024

ಮೇಡಂ ಅವರಿಗೆ,

ನಿಮ್ಮ ಕಾಗದ ಓದಿದರೆ ಮನೆಗೆ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದ ಹಾಗೆ ಆಗುತ್ತದೆ. ಇರಲಿ. ಈಗ ನಾನು ಬರೆಯುವುದನ್ನು ಓದಿದ ಮೇಲೆ ಬಾಗಿಲನ್ನೂ ಹಾಕಿಕೊಳ್ಳುತ್ತೀರಿ. ಆದರೆ ಮುಚ್ಚಿಡುವುದು ನನಗೆ ಬರುವುದಿಲ್ಲ.

ಎರಡನೇ ಸಲ ಬಳಿದ ಮಧ್ಯಾಹ್ನವೇ ಮಳೆ ಹಿಡಿಯಿತು. ಬಿಡಲಿಲ್ಲ. ಜಗಲಿಗೆಲ್ಲ ಇರಚಲು. ನಡುಮನೆಯಲ್ಲಿ ಗೋಡೆಗೆ ಒರಗಿಸಿದರೆ ದೀಪದ ಹುಳುವೆಲ್ಲ ಬಂದು ಬಿಳಿ ಬಟ್ಟೆಗೆ ಅಂಟಿಕೊಂಡವು. ಮಾರನೇ ದಿನ ಮುಟ್ಟಿದರೆ ಬೆರಳು ಅಂಟು, ಅದರ ಮಾರನೇ ದಿನವೂ ಅಂಟು. ನೀವು ಬರುವ ದಿನ ಹತ್ತಿರ ಬಂತು ಅಂತ ನನಗೆ ಊಟ ಸೇರಲಿಲ್ಲ. ಆಗ ಯಜಮಾನರು ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು.

“ಅಲ್ಲ ಕಣೇ, ಹಸಿ ಸೊಪ್ಪನ್ನೇ ಒಣಗಿಸ್ತೀವಿ, ಈ ಬಟ್ಟೆ ಯಾವ ಮಹಾ? ಬ್ಯಾರನ್ನಿಗೆ ಏರ್ಸಿ ಬೆಂಕಿ ಹಾಕುದ್ರೆ ಬೆಳಗಾಗೋದ್ರೊಳಗೆ ಗರಗರ ಅಂತವೆ.”

“ಬಿಸ್ಲಿಗೆ ಇಡಬ್ಯಾಡಿ ಅಂತ ಬರ್ದವ್ರೆ ಕಣ್ರೀ.”

“ಬಿಸ್ಲು ಬ್ಯಾಡ ಅಂದವ್ರೆ. ಬ್ಯಾರನ್ ಬ್ಯಾಡ ಅಂದವ್ರಾ?”

ನಾನು ನಿಮ್ಮ ಎರಡೂ ಕಾಗದ ತೆಗೆದು ಓದಿದೆ. ಬ್ಯಾರನ್ ಅಂತ ಎಲ್ಲೂ ಇರಲಿಲ್ಲ. ನೆರಳು ಅಂದಿದ್ದಿರಿ, ಬ್ಯಾರನ್ನಿನ ಒಳಗೆ ಪೂರ್ತಿ ನೆರಳೇ. ಅಮ್ಮನಿಗೆ ಕೈಮುಗಿದು, ಸೊಪ್ಪು ಕಟ್ಟುವ ಕೋಲಿಗೆ ಒಂದೊಂದೇ ಚೌಕಟ್ಟು ನೇತುಹಾಕಿದೆವು. ಯಜಮಾನರು ಮೊದಲ ದಿನದ ಸೊಪ್ಪಿಗೆ ಕೊಡುವ ಹಾಗೆ ಮೆಲ್ಲಗೆ ಶಾಖ ಕೊಟ್ಟರು. ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಕೈ ಸುಮ್ಮನಿರದೆ, ಇನ್ನೊಂದು ಕೊರಡು ತುರುಕಿದರು.

ಬೆಳಿಗ್ಗೆ ಬಾಗಿಲು ತೆಗೆದರೆ, ಒಣಗಿದ್ದವು ಮೇಡಂ. ಗರಗರ ಅನ್ನುತ್ತಿದ್ದವು. ಆದರೆ ಬಿಳಿ ಹೋಗಿ ಹದವಾಗಿ ಬೆಂದ ಹೊಗೆಸೊಪ್ಪಿನ ಬಣ್ಣ ಬಂದಿತ್ತು. ಕೆಲವು ಸೀಳಿವೆ. ಚೌಕಟ್ಟುಗಳೆಲ್ಲ ಹಪ್ಪಳದ ಹಾಗೆ ತಿರುಚಿಕೊಂಡಿವೆ. ಒಳಗೆ ಹಳೇ ಸೊಪ್ಪಿನ ಘಾಟು ಕುಡಿದು ಕೂತಿವೆ. ಯಜಮಾನರು ಒಂದನ್ನು ಎತ್ತಿ ಬೆಳಕಿಗೆ ಹಿಡಿದು, “ಒಳ್ಳೆ ಗ್ರೇಡ್ ಬಂದೈತೆ ಕಣೇ, ಪಿರಿಯಾಪಟ್ಟಣದ ಹರಾಜಿಗೆ ಹಾಕ್ಬೋದು” ಅಂದರು. ಅವರ ಜೊತೆ ಎರಡು ದಿನ ಮಾತು ಬಿಟ್ಟೆ.

ನೆಟ್ಟಗಿರುವುದು ಒಂದೇ ಒಂದು. ಕೋಳಿ ನಡೆದದ್ದು. ಅದೂ ಕಂದು ಬಣ್ಣ, ಒಂದು ಮೂಲೆ ಸೊಟ್ಟ.

ತಪ್ಪು ನಮ್ಮದು. ಏನು ಮಾಡಬೇಕು ಬರೆಯಿರಿ.

ರುಕ್ಮಿಣಮ್ಮ

ಕೆ.ಆರ್. ನಗರ
18-5-2024

ರುಕ್ಮಿಣಮ್ಮನವರೆ,

ನೆರಳು, ಗಾಳಿ. ಎರಡು ಕಾಗದದಲ್ಲಿ ಬರೆದೆ. ಇನ್ನು ಹೇಗೆ ಬರೆಯಬೇಕಿತ್ತು? ಬೆಂಕಿ ಹಾಕಬೇಡಿ ಎಂದೂ ಬರೆಯಬೇಕು ಎಂದು ನನಗೆ ಹೊಳೆಯಲಿಲ್ಲ, ಅದು ನನ್ನದೇ ತಪ್ಪು.

ಈಗ ಬೇರೆ ಕ್ಯಾನ್ವಾಸ್ ಮಾಡಿಸಲು ಹೊತ್ತಿಲ್ಲ. ಮಳೆ ಎಂದು ಆಗಲೇ ಹಲವರು ಹಿಂದೆಗೆದಿದ್ದಾರೆ. ಉಳಿದವರಿಗೆ ಏನು ಕೊಟ್ಟು ಏನು ಕಲಿಸಲಿ? ಕಾರ್ಯಾಗಾರ ನಿಲ್ಲಿಸುತ್ತಿದ್ದೇನೆ. ನಿಮ್ಮ ಚಿತ್ರವನ್ನು ಮುಂದಿನ ವರ್ಷ ನೋಡೋಣ.

ಶಾಂತಲಾ

ಶ್ರೀ ಹೊಳೆಮಾರಮ್ಮ ಪ್ರಸನ್ನ

20-5-2024

ಶಾಂತಲಾ ಅವರಿಗೆ,

ಬೈದಿದ್ದು ಸರಿ. ಬೈಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇವೆ. ಆದರೆ ಮುಂದಿನ ವರ್ಷ ಅಂತ ಎಷ್ಟು ಸಲೀಸಾಗಿ ಬರೆದುಬಿಟ್ಟಿರಿ!

ಮುಂದಿನ ವರ್ಷ ನೀರು ಇಳಿದರೆ ಅಮ್ಮ ಕಾಣುತ್ತಾಳೆ. ಅವಳಿಗೇನು, ಎಷ್ಟೋ ವರ್ಷದಿಂದ ಮುಳುಗಿ ಏಳುತ್ತಿದ್ದಾಳೆ. ನೋಡುವುದಕ್ಕೆ ನನ್ನ ಅವ್ವ ಇರಬೇಕಲ್ಲ? ಮಂಡಿ ನೋವು ಅಂತ ನೀವು ಅಂದುಕೊಂಡಿದ್ದರೆ, ಅದಲ್ಲ. ಯುಗಾದಿ ಕಳೆದ ಮೇಲೆ ಕೋಟೆ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಹೃದಯ ಸೋತಿದೆ, ಇನ್ನು ಓಡಾಡಿಸಬೇಡಿ, ಮನೆಯಲ್ಲೇ ನೆಮ್ಮದಿಯಾಗಿ ನೋಡಿಕೊಳ್ಳಿ ಅಂದರು. ಅದನ್ನು ನಿಮಗೆ ಬರೆಯಲಿಲ್ಲ. ಬರೆದರೆ ಕನಿಕರಕ್ಕೆ ಒಪ್ಪಿದ ಹಾಗೆ ಆಗುತ್ತಿತ್ತು. ಮನೆ ಕೊಟ್ಟು ಚಿತ್ರ ಕೇಳುವುದು ಬೇರೆ, ಅತ್ತು ಕೇಳುವುದು ಬೇರೆ.

ಅವ್ವ ಕೇರಿಗೆಲ್ಲ ಹೇಳಿಬಿಟ್ಟಿದ್ದಾಳೆ. ಮುದ್ದೆ ಕೊಡಲು ಬಂದವರಿಗೆ, ಹಾಲು ತರುವವರಿಗೆ, ಎಲ್ಲರಿಗೂ ಅದೇ ಮಾತು. “ನಮ್ಮಮ್ಮ ಮನೆಗೆ ಬತ್ತಾವ್ಳೆ ಕಣ್ರವ್ವಾ.” ಈಗ ನಾನು ಹೋಗಿ ಇಲ್ಲ ಕಣವ್ವಾ, ಬ್ಯಾರನ್ನಿನಲ್ಲಿ ಸುಟ್ಟುಬಿಟ್ಟೆವು ಅನ್ನಲೇ?

ಆ ಕಡೆ ಕೇರಳದಲ್ಲಿ ಮಳೆ ಅಂತ ಹೇಳುತ್ತಿದ್ದಾರೆ, ನಮ್ಮ ಹೊಳೆಗೆ ನೀರು ಬರುವುದು ಅಲ್ಲಿಂದಲೇ. ಗುಡಿಯಿಂದ ಕೂಗಳತೆಯಲ್ಲಿ ನೀರಿದೆ. ಹದಿನೈದು ಜನ ಬೇಡ, ನೀವೊಬ್ಬರೇ ಬನ್ನಿ. ಆ ಸೊಟ್ಟ ಕ್ಯಾನ್ವಾಸಿನ ಮೇಲಾದರೂ ಬರೆಯಿರಿ. ಬರಲೇ ಆಗುವುದಿಲ್ಲ ಅನ್ನುವುದಾದರೆ ಯಾಕೆ ಅಂತ ಬಿಡಿಸಿ ಬರೆಯಿರಿ. ಒಂದು ಗಂಟಲು ನೋವಿಗೆ ಮನುಷ್ಯರು ಇಷ್ಟು ಬಿಗಿಯಾಗುವುದಿಲ್ಲ.

ರುಕ್ಮಿಣಮ್ಮ

ಕೆ.ಆರ್. ನಗರ
22-5-2024

ರುಕ್ಮಿಣಮ್ಮನವರಿಗೆ,

ನಿಮ್ಮ ಕಾಗದವನ್ನು ಸುರೇಶ್ ಕೊಟ್ಟು ಹೋದಾಗಿನಿಂದ ಕೈಯಲ್ಲೇ ಇಟ್ಟುಕೊಂಡಿದ್ದೇನೆ.

ಬಿಡಿಸಿ ಬರೆಯಿರಿ ಎಂದಿರಿ. ನನಗೆ ಆಗಿದ್ದು ಗಂಟಲು ನೋವಲ್ಲ. ಧ್ವನಿಪೆಟ್ಟಿಗೆಯಲ್ಲಿ ಗಂಟು ಬೆಳೆದು ಆಪರೇಷನ್ ಆಯಿತು. ಎಷ್ಟು ಧ್ವನಿ ಉಳಿಯುತ್ತದೆ ಎಂದು ಯಾರೂ ಹೇಳುತ್ತಿಲ್ಲ. ಧ್ವನಿ ಇಲ್ಲದ ಟೀಚರು ತರಗತಿಯನ್ನು ಹೇಗೆ ಹಿಡಿಯುತ್ತಾರೆ ಎಂದು ಶಾಲೆಯವರು ಕೇಳಿದರು. ತಪ್ಪು ಅನ್ನಲಾರೆ. ಮಾತಿಲ್ಲದೆಯೂ ಕಲಿಸಬಲ್ಲೆ ಎಂದು ತೋರಿಸಲು ಈ ಮೂರು ದಿನಗಳನ್ನು ಇಟ್ಟುಕೊಂಡಿದ್ದೆ. ಅದಕ್ಕೇ ಹದಿನೈದು ಕ್ಯಾನ್ವಾಸು, ಅದಕ್ಕೇ ಅಷ್ಟು ಸಿಟ್ಟು.

ಶುಕ್ರವಾರ ಸಂಜೆ ಬರುತ್ತೇವೆ. ನಾನು, ಜೊತೆಗೆ ನಾಲ್ಕು ಜನ. ಅಂಗಡಿಯಲ್ಲಿ ಸಿಕ್ಕಿದ ಚಿಕ್ಕ ಬೋರ್ಡುಗಳು ಅವರಿಗೆ ಆಗುತ್ತವೆ. ನನಗೆ ನಿಮ್ಮ ಬೆಂದ ಕ್ಯಾನ್ವಾಸೇ ಗತಿ.

ಬ್ರಷ್ಷಿನ ಕೂದಲು ಹಂದಿಯದು. ನೀವು ಕೇಳಿದಾಗ ಜಾರಿಕೊಂಡೆ. ಅಮ್ಮನಿಗೆ ಅದನ್ನು ಮುಟ್ಟಿಸುವುದಿಲ್ಲ. ಬಣ್ಣ ಕಲಸುವ ಚಪ್ಪಟೆ ಚಾಕು ಇದೆ, ಅದರಲ್ಲೇ ಬಳಿಯುತ್ತೇನೆ. ಬಣ್ಣ ದಪ್ಪ ಕೂರುತ್ತದೆ, ಒಣಗಲು ಬಹಳ ದಿನ ಬೇಕು. ತೊಂದರೆಯಿಲ್ಲ.

ಆದರೆ ಇಲ್ಲದ ದೀಪವನ್ನು ಬರೆಯುವುದಿಲ್ಲ. ಅದೊಂದರಲ್ಲಿ ನಾನು ಹಾಗೆಯೇ. ಕ್ಷಮಿಸಿ.

ಶಾಂತಲಾ

23-5-2024

ಶಾಂತಲಮ್ಮ,

ಹಂದಿ ಕೂದಲು ಅಂತ ಅವ್ವನಿಗೆ ಹೇಳಿಲ್ಲ. ಡಬ್ಬದ ಬ್ರಷ್ಷನ್ನು ಹಿತ್ತಿಲಾಚೆ ಇಟ್ಟಿದ್ದೇನೆ, ಬಂದು ತೆಗೆದುಕೊಳ್ಳಿ.

ದೀಪದ ವಿಷಯ ನೀವು ಹೇಳಿದ್ದೇ ಸರಿ. ಇದ್ದದ್ದನ್ನೇ ಬರೆಯಿರಿ. ಇನ್ನು ಅದರ ಮಾತು ಎತ್ತುವುದಿಲ್ಲ.

ಗಂಟಲ ವಿಷಯ ಮೊದಲೇ ಹೇಳಬಾರದಿತ್ತೇ? ನಾನು ಅರಿಶಿನ ಹಾಲು ಅಂತ ಬರೆದೆನಲ್ಲ. ಕೆಸರು ಬಹಳ ಇದೆ, ಚಪ್ಪಲಿ ನಂಬಬೇಡಿ.

ರುಕ್ಮಿಣಮ್ಮ

ಕೆ.ಆರ್. ನಗರ
3-6-2024

ಪ್ರೀತಿಯ ರುಕ್ಮಿಣಮ್ಮನವರಿಗೆ,

ಇನ್ನೂ ಸ್ಲೇಟಿನಲ್ಲಿ ಬರೆದು ತೋರಿಸಿಯೇ ಮಾತಾಡುತ್ತಿದ್ದೇನೆ. ಪಿಸುಮಾತಿನಷ್ಟು ಧ್ವನಿ ಬಂದಿದೆ. ಬಂದ ನಾಲ್ವರಲ್ಲಿ ಮೂವರು ಮತ್ತೆ ಯಾವಾಗ ಎಂದು ಕೇಳುತ್ತಿದ್ದಾರೆ. ಒಬ್ಬರು ನಿಮ್ಮ ಹುರುಳಿ ಬಸ್ಸಾರು ಮಾಡುವುದು ಹೇಗೆಂದು ಕೇಳುತ್ತಿದ್ದಾರೆ.

ಆ ಶನಿವಾರ ಬೆಳಿಗ್ಗೆಯದು ಮರೆಯುವ ಹಾಗಿಲ್ಲ. ಮಂಡಿಯುದ್ದ ಕೆಸರು ದಾಟಿ, ಮೂರು ಬೋಳು ಗೋಡೆಗಳನ್ನು ಬರೆಯಲು ಬಂದವಳು ನಾನು. ನೋಡಿದರೆ ಗೋಡೆಗಳ ಮೇಲೆ ಬಿದಿರು ಗಳ, ಹಸಿ ಸೊಪ್ಪಿನ ಚಪ್ಪರ. ಕಲ್ಲನ್ನು ತೊಳೆದು ಅರಿಶಿನ ಹಚ್ಚಿ, ಅಂಗೈಯಗಲ ಕುಂಕುಮ ಇಟ್ಟಿದ್ದೀರಿ. ಮುಂದೆ ದೀಪ ಉರಿಯುತ್ತಿದೆ. ತುಂತುರು ಹನಿ ಬೀಳುತ್ತಿದೆ ಎಂದು ಮಹದೇವಪ್ಪನವರು ತಾವು ನೆನೆಯುತ್ತಾ ದೀಪಕ್ಕೆ ಕೊಡೆ ಹಿಡಿದು ನಿಂತಿದ್ದಾರೆ. ನೀವು ಸೆರಗು ಸಿಕ್ಕಿಸಿಕೊಂಡು, “ಈಗ ಕಾಣ್ತದಾ ಮೇಡಮ್ಮೋರೆ? ಕಂಡಿದ್ದ ಬರೀರಿ” ಎಂದಿರಿ. ಬೈಯೋಣವೆಂದರೆ ಧ್ವನಿ ಇಲ್ಲ. ಸ್ಲೇಟು ಚೀಲದ ತಳದಲ್ಲಿತ್ತು. ಹುಡುಕುವಷ್ಟರಲ್ಲಿ ನಗು ಬಂದುಬಿಟ್ಟಿತು.

ಚಿಕ್ಕಸಿದ್ದಮ್ಮನವರು ಚಿತ್ರ ನೋಡಿ ಏನೂ ಅನ್ನಲಿಲ್ಲ. ಸುಮ್ಮನೆ ನೋಡಿ ಕಣ್ಣು ಮುಚ್ಚಿಕೊಂಡರು. ನಿಮ್ಮ ಮುಖ ಇಳಿದದ್ದು ನನಗೆ ಕಂಡಿತು. ಅವರಿಗೆ ಹಿಡಿಸಲಿಲ್ಲವೇನೋ.

ಅದಕ್ಕೇ ಒಂದು ಮಾತು ಕೇಳುತ್ತೇನೆ. ಹಸಿ ಚಿತ್ರವನ್ನು ಬಸ್ಸಿನಲ್ಲಿ ತರಲಾಗದೆ ನಿಮ್ಮ ಗೋಡೆಗೆ ನೇತುಹಾಕಿ ಬಂದೆ. ನನ್ನನ್ನು ಕೆಲಸದಲ್ಲಿ ಉಳಿಸಿಕೊಳ್ಳುವುದೋ ಬೇಡವೋ ಎಂದು ತೀರ್ಮಾನಿಸುವ ಮೊದಲು, ಶಾಲೆಯಲ್ಲಿ ಇದೇ 29ಕ್ಕೆ ನನ್ನ ಚಿತ್ರಗಳನ್ನು ನೋಡಲು ಆಡಳಿತದವರು ಬರುತ್ತಾರೆ. ನಾನು ಈಚೆಗೆ ಬರೆದದ್ದರಲ್ಲಿ ಅದೇ ಒಳ್ಳೆಯದು. ಒಣಗಿದ ಮೇಲೆ ಕಳಿಸಿಕೊಡಿ. ಕೆಳಗಿನ ಸೊಟ್ಟ ಮೂಲೆ ತಿದ್ದಿ, ಅವರು ನೋಡಿದ ಮೇಲೆ ನಿಮಗೇ ಮರಳಿಸುತ್ತೇನೆ. ಅಲ್ಲಿಯವರೆಗೆ ಯಾರೂ ಮುಟ್ಟಬಾರದು. ಕೆಂಪು ಬಣ್ಣ ಬಹಳ ದಪ್ಪ ಇದೆ, ಮೈಗೂ ಅದು ಒಳ್ಳೆಯದಲ್ಲ.

ನಿಮ್ಮ
ಶಾಂತಲಾ

ಶ್ರೀ ಹೊಳೆಮಾರಮ್ಮ ಪ್ರಸನ್ನ

10-6-2024

ಶಾಂತವ್ವ,

ಮೇಡಂ ಅಂತ ಬರೆಯಲು ಹೊರಟೆ, ಕೈ ಬರಲಿಲ್ಲ. ಕೆಸರಲ್ಲಿ ಬಿದ್ದಾಗ ನಿನ್ನನ್ನು ಎತ್ತಿದವಳು ನಾನು, ಇನ್ನು ಮೇಡಂ ಏನು ಬಂತು.

ಚಿತ್ರ ಕಳಿಸುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾಕೆ ಅಂತ ಓದು.

ನೀವೆಲ್ಲ ಹೋದ ಮೇಲೆ ಅವ್ವ ಅದರ ಮಾತೇ ಎತ್ತಲಿಲ್ಲ. ಎದುರಿಗೇ ನೇತುಹಾಕಿದ್ದೇನೆ, ನೋಡುತ್ತಾಳೆ, ಕಣ್ಣು ಮುಚ್ಚುತ್ತಾಳೆ. ನನಗೆ ಹೊಟ್ಟೆ ಉರಿಯಿತು. ಆ ಮಳೆಯಲ್ಲಿ ಚಪ್ಪರ ಹಾಕಿದ್ದೇನು, ಯಜಮಾನರು ನೆಂದು ನೆಗಡಿ ಹಿಡಿಸಿಕೊಂಡದ್ದೇನು, ನೀನು ಆ ಗಂಟಲು ಇಟ್ಟುಕೊಂಡು ಬಂದದ್ದೇನು. ಒಂದು ಮಾತಾದರೂ ಆಡಬಾರದೇ ಈ ಮುದುಕಿ ಅಂತ ಅಮ್ಮನ ಮುಂದೆ ನಿಂತು ಬೈದೆ.

ಹೋದ ಶುಕ್ರವಾರ ಬೆಳಿಗ್ಗೆ ಹೊಲದಿಂದ ಬಂದು ನೋಡಿದರೆ ಅವ್ವನ ಹಣೆಯೆಲ್ಲ ಕೆಂಪು. ಬಿದ್ದು ತಲೆ ಒಡೆದುಕೊಂಡಿದ್ದಾಳೆ ಅಂತ ಕುಕ್ಕೆ ಅಲ್ಲೇ ಎಸೆದು ಓಡಿದೆ. ಮಂಚದ ಮೇಲೆ ನೆಟ್ಟಗೆ ಕೂತಿದ್ದಾಳೆ. ಬೆರಳೂ ಕೆಂಪು.

“ಏನವ್ವಾ ಇದು, ರಕ್ತ?”

“ರಕ್ತ ಅಲ್ಲ ಕಣೇ, ಅಮ್ಮನ ಕುಂಕುಮ. ಹಸಿ ಐತೆ ನೋಡು. ಇವತ್ತೇ ಇಟ್ಟವ್ರೆ.”

ಗೋಡೆ ಹಿಡಿದು ಹಿಡಿದು ಎದ್ದು ಹೋಗಿದ್ದಾಳೆ. ನೀನು ಚಾಕುವಿನಲ್ಲಿ ಬಳಿದಿದ್ದೆಯಲ್ಲ, ಆ ಕುಂಕುಮಕ್ಕೆ ಬೆರಳು ಒತ್ತಿ ಹಣೆಗೆ ಇಟ್ಟುಕೊಂಡಿದ್ದಾಳೆ. ಅಪ್ಪ ಹೋದ ಮೇಲೆ ಹಣೆಗೆ ಏನನ್ನೂ ಇಟ್ಟವಳಲ್ಲ ಅವಳು. ಹೊಸ ಗುಡಿಯಲ್ಲಿ ಕೊಟ್ಟರೂ ಗಂಟಲಿಗೆ ಒತ್ತಿಕೊಂಡು ಸುಮ್ಮನಾಗುತ್ತಿದ್ದಳು.

ನೀನು ಬರೆದದ್ದು ನೆನಪಾಗಿ ಬೆರಳನ್ನು ಸೋಪು ಹಾಕಿ ತೊಳೆದೆ. ಹಣೆಯದು ಹೋಗಲಿಲ್ಲ. ಸೀಮೆಎಣ್ಣೆ ಬಟ್ಟೆ ತಂದರೆ ನನ್ನ ಕೈಗೆ ಏಟು ಕೊಟ್ಟಳು. “ಅಮ್ಮಂದ್ನ ಒರೆಸ್ತೀಯಾ, ಬುದ್ಧಿ ಇಲ್ವಾ ನಿಂಗೆ?” ನಾಲ್ಕು ದಿನ ಆಯಿತು, ಸ್ವಲ್ಪ ಮಾಸಿದೆ, ಇನ್ನೂ ಇದೆ. ನೋಡಲು ಬಂದವರೆಲ್ಲ ಮೊದಲು ಚಿತ್ರಕ್ಕೆ, ಆಮೇಲೆ ಅವ್ವನಿಗೆ ಕೈಮುಗಿಯುತ್ತಾರೆ. ಅವಳಿಗೆ ಅದರಲ್ಲಿ ಬಲು ಗತ್ತು.

ಚಿತ್ರದಲ್ಲಿ ಕುಂಕುಮದ ನಡುವೆ ಬೆರಳು ಹೋದ ಗುಳಿ ಇದೆ. ಪಕ್ಕಕ್ಕೆ ಸ್ವಲ್ಪ ಎಳೆದಿದೆ. ನೀನು ಕೊಂಡುಹೋದರೆ ತಿದ್ದುತ್ತೀಯ, ನಿನ್ನ ಕೈ ಸುಮ್ಮನಿರುವುದಿಲ್ಲ. ಆ ಸೊಟ್ಟ ಮೂಲೆಯೂ ಹಾಗೇ ಇರಲಿ. ಅದಕ್ಕೇ ಕಳಿಸುವುದಿಲ್ಲ.

ನಿನ್ನ ಕೆಲಸದ ಚಿಂತೆ ನನಗೂ ಇದೆ. ನಿನ್ನೆ ಹೊಸ ಗುಡಿಯಲ್ಲಿ ನಿನ್ನ ಹೆಸರಲ್ಲಿ ಪೂಜೆ ಮಾಡಿಸಿದೆ. ಚಿತ್ರ ಅಲ್ಲಿಗೆ ಬರುವುದಿಲ್ಲ ಅಂದೆ, ನಿನ್ನ ಶಾಲೆಯವರು ಇಲ್ಲಿಗೆ ಬರಬಾರದು ಅಂತೇನಿಲ್ಲ. 29ಕ್ಕೆ ಮುಂಚೆ ಒಂದು ದಿನ ಕರೆದುಕೊಂಡು ಬಾ. ಮುದ್ದೆ ಮಾಡುತ್ತೇನೆ, ಹೊಸ ಕೋಲು ತಂದಿದ್ದೇನೆ. ಮಾತಿಲ್ಲದೆ ನೀನು ಏನು ಮಾಡಬಲ್ಲೆ ಅಂತ ನಾನು ಬಾಯಿಬಿಟ್ಟು ಹೇಳುತ್ತೇನೆ. ನನ್ನ ಗಂಟಲಿಗೆ ಏನೂ ಆಗಿಲ್ಲ. ಬರುವಾಗ ಬ್ಯಾರನ್ನಿನಲ್ಲಿ ಬೆಂದವುಗಳನ್ನೂ ನೋಡಿಕೊಂಡು ಹೋಗಲಿ, ಯಜಮಾನರು ಇನ್ನೂ ಎಸೆದಿಲ್ಲ.

ನಿನ್ನೆ ಸಂಜೆ ದಡಕ್ಕೆ ಹೋಗಿದ್ದೆ. ಗುಡಿಯ ಒಳಗೆ ನೀರು ನಿಂತಿದೆ. ಚಪ್ಪರದ ಸೊಪ್ಪು ಒಣಗಿ ಒಂದು ಕಡೆ ಜಾರಿದೆ, ಇನ್ನೆರಡು ಮಳೆಗೆ ಅದೂ ಕಾಣುವುದಿಲ್ಲ. ವರ್ಷಾ ವರ್ಷಾ ಈ ಸುದ್ದಿ ಹೇಳಿದರೆ ಅವ್ವ ಅವತ್ತು ಊಟ ಮಾಡುತ್ತಿರಲಿಲ್ಲ. ಹೇಗೆ ಹೇಳುವುದು ಅಂತ ಹೆದರಿಕೊಂಡೇ ಹೇಳಿದೆ.

“ಅವ್ವಾ, ನೀರು ಬಂತು.”

ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

“ಬರ್ಲಿ ಬುಡು. ಅಮ್ಮ ಮನೇಲವ್ಳೆ. ಇನ್ನೊಸಿ ಸಾರು ಹಾಕು.”

ಇಂತಿ,
ರುಕ್ಮಿಣಮ್ಮ